ಸಾಲಿನ ಕೊನೇ ಹುಡುಗಿ

ಪ್ಯಾರಿಸ್ ಮೆಟ್ರೊದ 13ನೇ ಲೈನಲ್ಲಿ ಬಂದು ಈಗಷ್ಟೇ ಇಳಿದೆ. ಬೋರ್ಡ್ ನೋಡಿ: ‘ಗೇತೆ’ ಪಕ್ಕದಲ್ಲೇ ಜೋಸೆಫೀನ್ ಬೇಕರ್ ಅಂತಿದೆ. ಆ ಹೆಸರು ಸೇರಿಸಿದ್ದು 2021ರಲ್ಲಿ. ಬಾಳೆಹಣ್ಣಿನ ಲಂಗ ತೊಟ್ಟು ಕುಣಿದವಳು ಅಂದ್ರೆ ತುಂಬಾ ಜನಕ್ಕೆ ಗುರುತು ಹತ್ತುತ್ತೆ. ನಂಗೂ ಅಷ್ಟೇ ಗೊತ್ತಿದ್ದಿದ್ದು.

1906ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ್ದು. ಅಮ್ಮ ಬಟ್ಟೆ ಒಗೆದು ಸಂಸಾರ ನಡೆಸ್ತಿದ್ರು. ಎಂಟು ವರ್ಷಕ್ಕೇ ಬಿಳಿಯರ ಮನೇಲಿ ಕಸ-ಮುಸುರೆ, ಹದಿಮೂರಕ್ಕೆ ಮದುವೆ. ಅದೂ ಉಳೀಲಿಲ್ಲ. ಮೀಸೆ ಮೂಡೋ ವಯಸ್ಸಿನ ಹುಡುಗರು ಇನ್ನೂ ಶಾಲೇಲಿರ್ತಾರಲ್ಲ, ಆ ವಯಸ್ಸಿಗೆ ವಾಡೆವಿಲ್ ತಂಡದ ಜೊತೆ ಊರು ಬಿಟ್ಟಳು. ವಾಡೆವಿಲ್ ಅಂದ್ರೆ ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ನಗೆ, ಜಾದು, ಒಂದರ ಬೆನ್ನಿಗೆ ಇನ್ನೊಂದು.

ಆಮೇಲೆ ‘ಷಫಲ್ ಅಲಾಂಗ್’ ಅನ್ನೋ ಕಪ್ಪು ಕಲಾವಿದರ ಸಂಗೀತ ನಾಟಕ. ಅಲ್ಲಿ ಆಕೆಗೆ ಸಿಕ್ಕಿದ್ದು ಕುಣಿಯೋ ಹುಡುಗಿಯರ ಸಾಲಲ್ಲಿ ಕೊನೇ ಜಾಗ. ಆ ಕೊನೇ ಹುಡುಗಿಯದು ಒಂಥರಾ ಕೋಡಂಗಿ ಪಾತ್ರ. ಹೆಜ್ಜೆ ಮರೆತವಳ ಹಾಗೆ ಎಡವಬೇಕು, ಮೆಳ್ಳೆಗಣ್ಣು ಮಾಡ್ಬೇಕು. ಜನ ಬಿದ್ದೂ ಬಿದ್ದೂ ನಕ್ಕ ಮೇಲೆ, ಕೊನೇಲಿ ಅದೇ ಕುಣಿತವನ್ನ ಎಲ್ಲರಿಗಿಂತ ಚೆನ್ನಾಗಿ ಕುಣಿದು ತೋರಿಸ್ಬೇಕು. ಬೇಕು ಅಂತ ಹೆಜ್ಜೆ ತಪ್ಪೋಕೆ ತಾಳ ಎಷ್ಟು ಗಟ್ಟಿಯಿರ್ಬೇಕು ಯೋಚ್ನೆ ಮಾಡಿ! ನೋಡೋರ ಕಣ್ಣು ಯಾವ ಕ್ಷಣ ಎಲ್ಲಿರುತ್ತೆ ಅನ್ನೋ ಲೆಕ್ಕ ಆಕೆಗೆ ಕೂತಿದ್ದು ಅಲ್ಲೇ ಇರ್ಬೇಕು ಅಂತ ನನ್ನ ಅನಿಸಿಕೆ.

1925ರಲ್ಲಿ ಪ್ಯಾರಿಸ್. ಇಲ್ಲಿ ಸಿಕ್ಕ ಹೆಸರು, ದುಡ್ಡು, ಸಾಕಿದ ಚೀತಾ, ಅದರ ಬಗ್ಗೆ ವಿಡಿಯೋಗಳು ಬೇಕಾದಷ್ಟಿವೆ, ಬಿಡಿ. 1937ರಲ್ಲಿ ಫ್ರೆಂಚ್ ಪ್ರಜೆಯಾದಳು.

1939ರಲ್ಲಿ ಸೇನಾ ಗುಪ್ತಚರ ವಿಭಾಗದ ಜಾಕ್ ಅಬ್ತೆ ಆಕೆಯ ಮನೆಗೆ ಬಂದ. ಅವನಿಗೆ ಒಳಗೊಳಗೇ ಅಳುಕು. ಮಾತಾ ಹರಿ ಅನ್ನೋ ನರ್ತಕಿಯನ್ನ ಬೇಹುಗಾರ್ತಿ ಅಂತ ಇದೇ ಫ್ರಾನ್ಸ್ 1917ರಲ್ಲಿ ಗುಂಡಿಟ್ಟು ಕೊಂದಿತ್ತು. ಆದ್ರೂ ಮಾತುಕತೆ ಕುದುರಿತು. ಸಂಬಳ ಇಲ್ಲ. ರಾಯಭಾರ ಕಚೇರಿಗಳ ಪಾರ್ಟಿಗೆ ಹೋಗೋದು, ನಗೋದು, ಕಿವಿ ತೆರೆದಿಟ್ಕೊಳ್ಳೋದು, ಅಷ್ಟೇ ಕೆಲಸ.

1940ರಲ್ಲಿ ಜರ್ಮನ್ನರು ಪ್ಯಾರಿಸ್ ಹಿಡಿದ್ರು. ಕೂಡಿಸಿಟ್ಟ ಮಾಹಿತಿ ಸ್ಪೇನ್ ದಾಟಿ ಲಿಸ್ಬನ್ ಸೇರ್ಬೇಕು, ಅಲ್ಲಿಂದ ಲಂಡನ್‌ಗೆ. ಹೊರಗಿನವರಿಗೆ ಹೇಳಿದ್ದು ಕಾರ್ಯಕ್ರಮದ ಪ್ರವಾಸ ಅಂತ. ಅಬ್ತೆ ಸುಳ್ಳು ಪಾಸ್‌ಪೋರ್ಟಿನಲ್ಲಿ ಆಕೆಯ ಸೆಕ್ರೆಟರಿ. ಸಂಗೀತದ ಸ್ವರ ಬರೆದ ಹಾಳೆಗಳ ಮೇಲೆ ಕಣ್ಣಿಗೆ ಕಾಣದ ಶಾಯಿ. ಜೋಸೆಫೀನ್ ಬೇಕರ್ ಎದುರಿಗೆ ನಿಂತಿರುವಾಗ ಪಕ್ಕದ ಸೆಕ್ರೆಟರಿಯ ಕಾಗದ ಯಾರಿಗೆ ಬೇಕು? ಬೇಹುಗಾರರು ಅಂದ್ರೆ ಗೋಡೆ ಬದಿ ಕತ್ತಲಲ್ಲಿ ನಿಲ್ಲೋರು ಅಂದ್ಕೊಂಡಿದ್ದೆ ನಾನು. ಈಕೆ ಬಂದು ನಿಂತಿದ್ದು ಬೆಳಕಿನ ನಟ್ಟನಡುವೆ.

ಮುಂದಿನ ವರ್ಷ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಹಾಸಿಗೆ ಹಿಡಿದಳು. ಒಂದೂವರೆ ವರ್ಷಕ್ಕೂ ಮೇಲೆ ಆಸ್ಪತ್ರೆ. ಸತ್ತೇ ಹೋದಳು ಅಂತ ಅಮೆರಿಕದ ಪತ್ರಿಕೆಯಲ್ಲೂ ಬಂತು! ಇತ್ತ ಆ ಕೋಣೆಯಲ್ಲಿ, ಕಾಯಿಲೆಯವಳನ್ನ ನೋಡೋಕೆ ಅಂತ ಬಂದ ಅಮೆರಿಕನ್ ರಾಜತಾಂತ್ರಿಕರು, ಅಬ್ತೆಯ ಕಡೆಯವರು ಕೂತು ಸುದ್ದಿ ಹಂಚಿಕೊಳ್ತಿದ್ರು.

ಯುದ್ಧ ಮುಗಿದ ಮೇಲೆ ಫ್ರಾನ್ಸ್ ಪದಕ ಕೊಡ್ತು. ಹುಟ್ಟಿದ ದೇಶದಲ್ಲಿ 1951ರಲ್ಲಿ, ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಕಪ್ಪು ಬಣ್ಣದವಳು ಅಂತ ತನ್ನನ್ನ ಕಡೆಗಣಿಸಿದ್ರು ಅಂತ ಆಕೆ ದನಿಯೆತ್ತಿದಳು. ಎಫ್‌ಬಿಐ ಆಕೆಯ ಮೇಲೇ ಫೈಲ್ ಇಟ್ಟಿತು. ಆಹಾ! 1963ರಲ್ಲಿ ಕಪ್ಪು ಜನರ ಹಕ್ಕಿಗಾಗಿ ವಾಷಿಂಗ್ಟನ್‌ನಲ್ಲಿ ನಡೆದ ಆ ದೊಡ್ಡ ಜಾಥಾದಲ್ಲಿ ಮಾತಾಡೋಕೆ ಬಂದಾಗ ತೊಟ್ಟಿದ್ದು ಫ್ರೆಂಚ್ ಸೇನೆಯ ಸಮವಸ್ತ್ರ, ಎದೆ ಮೇಲೆ ಪದಕಗಳು.

ಇದೋ, ಸ್ಟೇಷನ್ನಿಂದ ಎರಡು ಹೆಜ್ಜೆ, ಬೊಬಿನೊ ಥಿಯೇಟರ್. 1975ರ ಏಪ್ರಿಲ್ 8ಕ್ಕೆ ಇಲ್ಲಿ ಕೊನೇ ಪ್ರದರ್ಶನ ಶುರುವಾಯ್ತು, 12ಕ್ಕೆ ತೀರಿಕೊಂಡಳು.

2021ರ ನವೆಂಬರ್ 30ರಂದು ಫ್ರಾನ್ಸ್ ತನ್ನ ಮಹನೀಯರನ್ನ ಇಡೋ ಪ್ಯಾಂಥಿಯಾನ್‌ಗೆ ಆಕೆಯನ್ನ ಕರ್ಕೊಂಡು ಹೋಯ್ತು. ಅಲ್ಲಿಗೆ ಹೋದ ಮೊದಲ ಕಪ್ಪು ಮಹಿಳೆ. ವಾಯುಪಡೆಯವರು ಪೆಟ್ಟಿಗೆ ಹೆಗಲ ಮೇಲೆ ಹೊತ್ತು ನಡೆದ್ರು, ಇಡೀ ದೇಶ ಕಣ್ಣು ಮಿಟುಕಿಸದೆ ಅದನ್ನೇ ನೋಡ್ತು. ಒಳಗಿದ್ದಿದ್ದು ಆಕೆ ಬದುಕಿದ ನಾಲ್ಕು ಊರುಗಳ ಮಣ್ಣು. ಆಕೆ ಮಾತ್ರ ಮೊನಾಕೊದ ಗೋರಿಯಲ್ಲಿ ಆರಾಮಾಗಿ ಮಲಗಿದ್ದಳು.