ಗಾಡಿ ಇಲ್ಲದಿದ್ದರೂ ಬನ್ನಿ

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ, ರವಿವಾರ ಬೆಳಗಿನ ಏಳು ಗಂಟೆ. ಎಡಗಡೆ ನಿಂತಿರುವ ಬಿಳಿ ಅಂಬಾಸಿಡರ್ ನಮ್ಮ ಮಾಸ್ತರರದ್ದು. ಬಲಗಡೆಯ ಕೆಂಪು ಮಾರುತಿ 800 ನನ್ನದು. ನಡುವೆ ಖಾಲಿ ಜಾಗ. ಹೋದ ವರ್ಷದ ಆಷಾಢದಲ್ಲಿ ಮೊಬೈಲಿನಲ್ಲಿ ಹಿಡಿದ ದೃಶ್ಯ ಇದು. ಪ್ರತಿ ತಿಂಗಳ ಮೊದಲ ರವಿವಾರ ನಮ್ಮ ಹಳೆಯ ಕಾರುಗಳ ಬಳಗ ಸೇರುವುದು ಇಲ್ಲಿಯೇ. ಒಂದು ಕಾಲಕ್ಕೆ ಇದೇ ದಂಡೆಯಲ್ಲಿ 22 ಗಾಡಿಗಳು ಸಾಲಾಗಿ ನಿಂತಿದ್ದವು. ಅಂದು ಬಂದವರು ನಾವಿಬ್ಬರೇ.

ಎಂಟೂವರೆಯವರೆಗೆ ಕಾದೆವು. ಮಾಸ್ತರರು ಥರ್ಮಾಸಿನಲ್ಲಿ ಹತ್ತು ಮಂದಿಗೆ ಸಾಲುವಷ್ಟು ಚಹಾ ತಂದಿದ್ದರು. ನನಗೆ ಎರಡನೆಯ ಲೋಟ ಬಗ್ಗಿಸಿಕೊಡುತ್ತಾ, "ತಮ್ಮಾ, ಮುಂದಿನ ತಿಂಗಳು ಬರುವುದೋ ಬೇಡವೋ, ನೀನೇ ಹೇಳಿಬಿಡು" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಉಳಿದ ಚಹಾವನ್ನು ಬೇವಿನ ಗಿಡದ ಬುಡಕ್ಕೆ ಸುರಿದು ಥರ್ಮಾಸಿನ ಮುಚ್ಚಳ ತಿರುವಿದರು. ಆ ಮುಚ್ಚಳದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಆ ರಾತ್ರಿ ಬಳಗದ ಹಳೆಯ ನೋಟುಪುಸ್ತಕ ತೆಗೆದು ಕುಳಿತೆ. ಹೆಸರು, ಊರು, ಗಾಡಿ, ಫೋನ್ ಸಂಖ್ಯೆ. ಅಲ್ಲಿಯವರೆಗೆ ನಾವು ಮಾಡುತ್ತಿದ್ದುದು ಒಂದೇ ಕೆಲಸ: ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಎಲ್ಲರೂ ತಪ್ಪದೇ ಬನ್ನಿ" ಎಂದು ಬರೆಯುವುದು. ಕೆಳಗೆ ಹೆಬ್ಬೆರಳುಗಳ ಸಾಲು ಬೀಳುತ್ತಿತ್ತು. ಬೆಳಗ್ಗೆ ಯಾರೂ ಇರುತ್ತಿರಲಿಲ್ಲ. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದಂತಾಗುವುದಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಒಂದು ವಾರ, ದಿನಕ್ಕೆ ನಾಲ್ಕೈದು ಮಂದಿಯಂತೆ, ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೂಟದ ಮಾತು ಎತ್ತಲಿಲ್ಲ. "ಗಾಡಿ ಹೇಗಿದೆ?" ಎಂದಷ್ಟೇ ಕೇಳಿದೆ.

ಉತ್ತರಗಳು ನಾನು ಅಂದುಕೊಂಡಂತಿರಲಿಲ್ಲ. ಧಾರವಾಡದವರು ಪ್ರತಿ ಸಲವೂ ತಾವೇ ಹುಬ್ಬಳ್ಳಿಗೆ ಬರಬೇಕೇ ಎಂದು ಕೇಳಿದರು. ಇಪ್ಪತ್ತು ಕಿಲೋಮೀಟರ್ ದೊಡ್ಡ ದೂರವೇನಲ್ಲ, ಆದರೆ ಹೊತ್ತೇರಿದ ಮೇಲೆ ಮರಳುವಾಗ ಸಿಗ್ನಲ್‌ಗೊಂದು ಸಲ ನಿಂತರೆ ಹಳೆಯ ಎಂಜಿನ್ ಕಾದು ಉಸಿರುಗಟ್ಟುತ್ತದೆ. ನ್ಯಾಯವಾದ ಮಾತು. ಇನ್ನೊಬ್ಬರು ಕೂಟದಲ್ಲಿ ಭಾಷಣ ಜಾಸ್ತಿಯಾಯಿತು ಎಂದರು. ಅದೂ ನಿಜ. ಫೋಟೊ ಹೊಡೆದುಕೊಂಡು, ಅಧ್ಯಕ್ಷರ ಮಾತು ಕೇಳಿ, ಗಿರಮಿಟ್ಟು ತಿಂದು ಮನೆಗೆ ಹೋಗುವುದಾಗಿತ್ತು. ಬಾನೆಟ್ ಎತ್ತಿದ್ದು ಯಾರಿಗೂ ನೆನಪಿರಲಿಲ್ಲ.

ಆದರೆ ಹೆಚ್ಚಿನವರು ತಗ್ಗಿದ ದನಿಯಲ್ಲಿ ಹೇಳಿದ್ದು ಬೇರೆಯೇ ಮಾತು: "ಗಾಡಿ ನಡೆಯುತ್ತಿಲ್ಲ. ಗಾಡಿ ಇಲ್ಲದೆ ಹೇಗೆ ಬರಲಿ?"

ಇವರಿಗೆಲ್ಲ ಆಸಕ್ತಿ ಹೋಗಿದೆ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೆವು. ಅವರು ಮಾತ್ರ ಸಂಕೋಚದಿಂದ ಮನೆಯಲ್ಲಿ ಕುಳಿತಿದ್ದರು. ಯಾವ ಗಾಡಿಗೆ ಬಳಗದ ನೆರವು ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅದರ ಮಾಲೀಕರೇ ಬಳಗದಿಂದ ದೂರ ಉಳಿದಿದ್ದರು. ಇದನ್ನು ಒಂದು ಸಲವಾದರೂ ಕೇಳಿ ತಿಳಿಯದೆ ಹೋದೆವಲ್ಲ ಎಂಬ ನೋವು ನನಗೆ ಈಗಲೂ ಇದೆ.

ಈ ಗಾಡಿಗಳನ್ನು ಒಬ್ಬರೇ ಸಾಕುವುದು ಕಷ್ಟ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕೂಡ ನಿಂತಿತು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರು ಇವೆರಡಕ್ಕಿಂತ ಮೊದಲೇ ಹೋಗಿತ್ತು. ಈಗ ಒಂದು ಸಣ್ಣ ರಬ್ಬರ್ ವಾಷರ್ ಬೇಕಾದರೂ ಯಾರ ಮನೆಯ ಅಟ್ಟದಲ್ಲಿ ಏನಿದೆ ಎಂದು ಗೊತ್ತಿರಬೇಕು. ಅದು ಗೊತ್ತಾಗುವುದು ಮುಖಾಮುಖಿ ಕುಳಿತಾಗಲೇ.

ಈಗ ನೋಡುತ್ತಿರುವುದು ಧಾರವಾಡದ ಮಾಳಮಡ್ಡಿ. ಈ ಗೇಟು, ಈ ಪಾರಿಜಾತದ ಗಿಡ, ಅದರ ಪಕ್ಕದಲ್ಲಿ ನೀಲಿ ತಾಡಪತ್ರಿ. ತಾಡಪತ್ರಿಯ ಕೆಳಗೆ ನಾಲ್ಕು ವರ್ಷ ನಿಂತಿದ್ದ ಪ್ರೀಮಿಯರ್ ಪದ್ಮಿನಿ ಇದೆ. ಇಲ್ಲಿಯ ಕಾಕಾ ನಮ್ಮ ಬಳಗವನ್ನು ಕಟ್ಟಿದವರಲ್ಲಿ ಒಬ್ಬರು. ಫೋನಿನಲ್ಲಿ "ಇನ್ನು ಅದು ಗುಜರಿಗೇ ಸೈ" ಎಂದಿದ್ದರು. ನಾನು ಮಾಸ್ತರರಿಗೆ ಹೇಳಿದೆ. ಮಾಸ್ತರರು ಒಂದು ಕ್ಷಣವೂ ಯೋಚಿಸದೆ, "ಹಾಗಾದರೆ ಈ ತಿಂಗಳ ಕೂಟ ಅವರ ಅಂಗಳದಲ್ಲಿ" ಎಂದರು.

ಗುಂಪಿನಲ್ಲಿ ಬರೆಯಲಿಲ್ಲ. ಮತ್ತೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಈ ಸಲ ಪ್ರತಿಯೊಬ್ಬರಿಗೂ ಒಂದು ಕೆಲಸ ಒಪ್ಪಿಸಿದೆ. ಒಬ್ಬರಿಗೆ ಚಾರ್ಜ್ ಆದ ಬ್ಯಾಟರಿ ತನ್ನಿ ಎಂದೆ, ಒಬ್ಬರಿಗೆ ಪ್ಲಗ್ ಪಾನಾ, ಒಬ್ಬರಿಗೆ ಎರಡು ಲೀಟರ್ ಹೊಸ ಪೆಟ್ರೋಲು. ಹಳೇ ಹುಬ್ಬಳ್ಳಿಯ ಮಿಸ್ತ್ರಿ ಚಾಚಾ ಅವರಿಗೆ, "ನೀವು ಬರದಿದ್ದರೆ ಈ ಕೆಲಸ ಆಗುವುದಿಲ್ಲ" ಎಂದೆ. ಬರೀ "ಬನ್ನಿ" ಎಂದಾಗ "ನೋಡೋಣ" ಎನ್ನುತ್ತಿದ್ದವರೇ, ಈಗ "ಎಷ್ಟು ಗಂಟೆಗೆ?" ಎಂದು ಕೇಳತೊಡಗಿದರು. ಗಾಡಿ ಇಲ್ಲದವರಿಗೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಇದ್ದೇ ಇದೆ. ಆ ದಿನ ಹುಬ್ಬಳ್ಳಿಯಿಂದ ನಾಲ್ವರು ಚಿಗರಿಯಲ್ಲಿ ಬಂದರು. ಅವರಲ್ಲಿ ಒಬ್ಬರ ಮಡಿಲಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿದ, ಎಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿಕೊಡುವ ಕಾರ್ಬ್ಯುರೇಟರ್ ಇತ್ತು.

ಒಟ್ಟು ಹದಿಮೂರು ಮಂದಿ. ತಾಡಪತ್ರಿ ತೆಗೆದಾಗ ಟೈರುಗಳು ಒಂದೇ ಮಗ್ಗುಲಿಗೆ ನಿಂತು ನಿಂತು ಚಪ್ಪಟೆಯಾಗಿದ್ದವು. ಹಿಂದಿನ ಎಡಗಾಲಿ ತಿರುಗುತ್ತಲೇ ಇರಲಿಲ್ಲ, ಬ್ರೇಕ್ ಹಿಡಿದುಕೊಂಡಿತ್ತು. ಚಾಚಾ ನೆಲದ ಮೇಲೆ ಗೋಣಿಚೀಲ ಹಾಸಿ ಕುಳಿತು ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯತೊಡಗಿದರು. ಅವಸರವಿಲ್ಲ. ಒಂದು ಸುತ್ತು ಬಡಿದು ಕೈಯಿಂದ ಅಲುಗಿಸಿ ನೋಡುವುದು, ಮತ್ತೆ ಬಡಿಯುವುದು. ಇಪ್ಪತ್ತು ನಿಮಿಷದ ಮೇಲೆ ಒಳಗಿನಿಂದ ತುಕ್ಕಿನ ಪುಡಿ ಉದುರಿ ಗಾಲಿ ಬಿಟ್ಟುಕೊಂಡಿತು.

ಇತ್ತ ಹಳೆಯ ಪೆಟ್ರೋಲನ್ನು ಟ್ಯಾಂಕಿನಿಂದ ಇಳಿಸಿದೆವು. ಅದಕ್ಕೆ ಪೆಟ್ರೋಲಿನ ವಾಸನೆಯೇ ಉಳಿದಿರಲಿಲ್ಲ, ಹಳೆಯ ಬಣ್ಣದ ಡಬ್ಬಿ ತೆರೆದಂತಿತ್ತು. ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆ ಜೇನಿನ ಬಣ್ಣದ ಅಂಟು. ಪೆಟ್ರೋಲು ಆವಿಯಾಗಿ ಹೋದ ಮೇಲೆ ಉಳಿಯುವ ಈ ಅಂಟು, ಪೆಟ್ರೋಲು ಹಾಯುವ ಜೆಟ್ಟಿನ ಸಣ್ಣ ರಂಧ್ರವನ್ನು ಮುಚ್ಚಿಬಿಡುತ್ತದೆ. ಪ್ಲಗ್ಗುಗಳನ್ನು ಕಳಚಿ ನಾಲ್ಕೂ ಸಿಲಿಂಡರಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟೆವು. ಆಮೇಲೆ ಟಾಪ್ ಗೇರಿನಲ್ಲಿಟ್ಟು ಎಲ್ಲರೂ ಸೇರಿ ಗಾಡಿಯನ್ನು ಗೇಟಿನವರೆಗೆ ಮೆಲ್ಲಗೆ ತಳ್ಳಿದೆವು. ಎಂಜಿನ್ ಒಳಗೆ ಸಡಿಲಗೊಂಡು ತಿರುಗಿದ್ದು ಅಂಗೈಗೆ ತಿಳಿಯಿತು. ಚಾಚಾ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಬೂದಿ ಬಣ್ಣಕ್ಕೆ ತಿರುಗಿದ್ದ ಪಾಯಿಂಟಿನ ನಡುವೆ ಸ್ಯಾಂಡ್ ಪೇಪರಿನ ಸಣ್ಣ ಚೂರು ತೂರಿಸಿ ಎರಡು ಸಲ ಎಳೆದರು. ಲೋಹ ಹೊಳೆಯಿತು.

ಅಷ್ಟರಲ್ಲಿ ಕಾಕು ಹಚ್ಚಿದ ಅವಲಕ್ಕಿ ತಂದಿಟ್ಟರು. ಯಾರೂ ಮುಟ್ಟಲಿಲ್ಲ, ಎಲ್ಲರ ಕೈಯೂ ಕರಿ. ಕೊನೆಗೆ ಕಾಕಾ ಅವರ ಮಗಳು ಕಾಗದದ ಪೊಟ್ಟಣ ಕಟ್ಟಿ ಕೊಟ್ಟಳು.

ಮೊದಲ ಸಲ ಸೆಲ್ಫ್ ಸ್ಟಾರ್ಟರ್ ಹೊಡೆದಾಗ ಏನೂ ಇಲ್ಲ. ಎರಡನೆಯ ಸಲವೂ ಇಲ್ಲ. ಚಾಚಾ ಕಾರ್ಬ್ಯುರೇಟರಿನ ಬಾಯಿಗೆ ನಾಲ್ಕು ಹನಿ ಪೆಟ್ರೋಲು ಬಿಟ್ಟು ದೂರ ಸರಿದು, "ಈಗ ಹೊಡೆಯಿರಿ" ಎಂದರು. 1089 ಸಿಸಿಯ ಆ ಎಂಜಿನ್ ಒಂದು ಸಲ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಸೈಲೆನ್ಸರಿನಿಂದ ಬಂದ ನೀಲಿ ಹೊಗೆಯಲ್ಲಿ ಪಾರಿಜಾತದ ಗಿಡ ಮರೆಯಾಯಿತು. ಕಾಕಾ ಸ್ಟೀರಿಂಗ್ ಹಿಡಿದು ಕುಳಿತೇ ಇದ್ದರು. ಇಳಿಯಲಿಲ್ಲ, ಮಾತೂ ಆಡಲಿಲ್ಲ. ಅವರ ಮುಖವನ್ನು ನಾನು ಚಿತ್ರೀಕರಿಸಲಿಲ್ಲ. ಅದು ಅವರದ್ದು.

ಅಲ್ಲಿಂದ ನಮ್ಮ ಕೂಟದ ರೀತಿಯೇ ಬದಲಾಯಿತು. ಒಂದು ತಿಂಗಳು ಉಣಕಲ್, ಮರುತಿಂಗಳು ಧಾರವಾಡದ ಸಾಧನಕೇರಿ. ಗಾಡಿ ಇಲ್ಲದಿದ್ದರೂ ಬನ್ನಿ ಎಂಬುದು ಮೊದಲ ಮಾತು. ಭಾಷಣ ನಿಲ್ಲಿಸಿದೆವು. ಪ್ರತಿ ಸಲ ಒಂದು ಬಾನೆಟ್ ಎತ್ತುತ್ತೇವೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ, ಅದಕ್ಕಾಗಿ ಮಾಡಿರದ ಹಳೆಯ ರಬ್ಬರ್ ಪೈಪುಗಳು ಬೇಗ ಕೆಡುತ್ತವೆ. ಒಂದು ಇಡೀ ಬೆಳಗು ಐದು ಗಾಡಿಗಳ ಪೈಪು ಬದಲಿಸುವುದರಲ್ಲೇ ಕಳೆಯಿತು. ಇನ್ನೊಂದು ಸಲ, 15 ವರ್ಷ ದಾಟಿದ ಗಾಡಿಗಳ ನೋಂದಣಿ ನವೀಕರಣದ ಕಾಗದಪತ್ರಗಳನ್ನು ಕಲ್ಲು ಬೆಂಚಿನ ಮೇಲೆ ಹರಡಿಕೊಂಡು ಕುಳಿತೆವು. ಬಂದವರ ಲೆಕ್ಕ ಇಡುವುದಿಲ್ಲ, ಬಾರದವರ ಹೆಸರು ಮಾತ್ರ ಬರೆಯುತ್ತೇವೆ. ಅವತ್ತೇ ಸಂಜೆ ಯಾರಾದರೂ ಒಬ್ಬರು ಅವರಿಗೆ ಫೋನ್ ಮಾಡುತ್ತಾರೆ. ಆ ನೋಟುಪುಸ್ತಕ ಈಗ ಮಾಳಮಡ್ಡಿಯ ಕಾಕಾ ಅವರ ಹತ್ತಿರ ಇದೆ.

ಇದು ಈ ಏಪ್ರಿಲಿನ ದೃಶ್ಯ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ದಾಟಿ ಲಕ್ಕುಂಡಿಗೆ, ಸುಮಾರು 70 ಕಿಲೋಮೀಟರ್. ಎರಡೂ ಕಡೆ ಬಿತ್ತನೆಗೆ ಕಾದಿರುವ ಎರೆಹೊಲ. ಹದಿನಾರು ಗಾಡಿಗಳು. ಅಣ್ಣಿಗೇರಿ ದಾಟುತ್ತಿದ್ದಂತೆ ಪದ್ಮಿನಿ ನಿಂತಿತು. ಬಿಸಿಲಿಗೆ ಪೆಟ್ರೋಲು ಎಂಜಿನ್ನಿನ ಪಕ್ಕದ ಪಂಪಿನಲ್ಲೇ ಆವಿಯಾಗಿ ಮುಂದೆ ಹೋಗುತ್ತಿರಲಿಲ್ಲ. ಸಾಲಿನಲ್ಲಿದ್ದ ಹದಿನೈದೂ ಗಾಡಿಗಳು ರಸ್ತೆ ಬದಿಗೆ ಸರಿದು ನಿಂತವು. ಮಾಸ್ತರರು ತಮ್ಮ ಹೆಗಲ ಮೇಲಿನ ಟವೆಲನ್ನು ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿದರು. ಹತ್ತು ನಿಮಿಷ ಕಾಯಬೇಕು, ಅಷ್ಟೇ. ಅಷ್ಟರಲ್ಲಿ ಯಾರೋ ಕಲ್ಲಂಗಡಿ ಕೊಯ್ದರು.

ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹಾವೇರಿಯಿಂದ ಬಂದವರು ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ ತಂದಿದ್ದರು. ಅದರ ಡಬ್ಬಿ ಅವರ ಕೈಗೆ ಮರಳಿ ಬಂದಾಗ ತೊಳೆದಷ್ಟು ಖಾಲಿಯಾಗಿತ್ತು.

ಮರಳುವಾಗ ಪದ್ಮಿನಿಯ ಚಾಲಕರ ಸೀಟಿನಲ್ಲಿ ಕಾಕಾ ಇರಲಿಲ್ಲ, ಮಗಳು ಇದ್ದಳು. ಸ್ಟೀರಿಂಗ್ ಪಕ್ಕದ ಗೇರು ಅವಳಿಗೆ ಹೊಸದು. ನಾನು ಹಿಂದಿನ ಗಾಡಿಯಲ್ಲಿದ್ದೆ. ಗದಗ ದಾಟಿದ ಮೇಲೆ ಖಾಲಿ ರಸ್ತೆಯಲ್ಲಿ ಅವಳು ಎರಡರಿಂದ ಮೂರಕ್ಕೆ ಹಾಕುವಾಗ ಗಾಡಿ ಒಮ್ಮೆ ಜಗ್ಗಿತು, ಇನ್ನೊಮ್ಮೆಯೂ ಜಗ್ಗಿತು. ಮೂರನೆಯ ಸಲ ಸಲೀಸಾಗಿ ಬಿತ್ತು. ಎಡಗಡೆಯ ಕಿಟಕಿಯಿಂದ ಕಾಕಾ ಅವರ ಕೈ ಹೊರಬಂದು, ಹಿಂದಿದ್ದ ನಮಗೆಲ್ಲ ಮುಂದೆ ಬನ್ನಿ ಎಂದು ಬೀಸಿತು.