ಹೊಸ ಸ್ಪೋರ್ಟ್ಸ್ ಕಾರು, ಮೊದಲ ಟ್ರ್ಯಾಕ್ ಡೇ: ಏಳು ಲೀಟರ್ ನೀರಿನ ಲೆಕ್ಕ

[ದೃಶ್ಯ: ಅಡುಗೆಮನೆ. ಗ್ಯಾಸ್ ಸ್ಟವ್ ಮೇಲೆ ದೊಡ್ಡ ಪಾತ್ರೆ, ನೀರು ಸುರಿಯುವ ಸದ್ದು]

ಈ ಪಾತ್ರೆಲಿ ಏಳು ಲೀಟರ್ ನೀರಿದೆ. ಮನೆ ಸ್ಟವ್ ಮೇಲೆ ಇದು ಕುದಿ ಬರೋಕೆ ಇಪ್ಪತ್ತು ನಿಮಿಷದ ಮೇಲೇ ಬೇಕು. ಈಗ ಒಂದು ಲೆಕ್ಕ ನೋಡಿ. ಡ್ರೈವರ್, ಪೆಟ್ರೋಲ್ ಎಲ್ಲಾ ಸೇರಿ 1,800 ಕೆಜಿ ತೂಗೋ ಕಾರು 200 ಕಿಲೋಮೀಟರ್ ವೇಗದಲ್ಲಿ ಬರ್ತಿದೆ. ಮುಂದೆ ತಿರುವು. ಬ್ರೇಕ್ ಜೋರಾಗಿ ತುಳಿದು 80ಕ್ಕೆ ಇಳಿಸಿದ್ರಿ. ಅಷ್ಟಕ್ಕೆ ಮೂರೂವರೆ ಸೆಕೆಂಡ್ ಸಾಕು. ಆ ಮೂರೂವರೆ ಸೆಕೆಂಡಲ್ಲಿ ಹುಟ್ಟೋ ಶಾಖದಲ್ಲಿ ಈ ಪಾತ್ರೆ ನೀರು ಪೂರ್ತಿ ಕುದಿಬಹುದು.

ಆ ಶಾಖದ ಬಹುಪಾಲು ಹೋಗೋದು ಚಕ್ರಗಳ ಜೊತೆ ತಿರುಗೋ ನಾಲ್ಕು ಬ್ರೇಕ್ ಡಿಸ್ಕ್‌ಗೆ. ಒಂದು ಸುತ್ತಿಗೆ ಇಂಥ ಬ್ರೇಕಿಂಗ್ ಐದಾರು ಸಲ ಬಂದ್ರೆ, ಎರಡು ನಿಮಿಷ ಆಗೋದ್ರೊಳಗೆ ಮತ್ತೆ ಅದೇ ಐದಾರು ಸಲ. ಸ್ವಂತ ಕಾರನ್ನ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನಕ್ಕೆ ಟ್ರ್ಯಾಕ್ ಡೇ ಅಂತಾರೆ. ಹೊಸ ಕಾರನ್ನ ಮೊದಲ ಸಲ ಟ್ರ್ಯಾಕ್‌ಗೆ ಒಯ್ಯೋರು ಹಾರ್ಸ್‌ಪವರ್ ಬಗ್ಗೆ ಕೇಳ್ತಾರೆ, ಟಾಪ್ ಸ್ಪೀಡ್ ಬಗ್ಗೆ ಕೇಳ್ತಾರೆ. ನಾನು ಮೊದಲು ಮಾತಾಡೋದು ಈ ಬಿಸಿ ಬಗ್ಗೆ. ಅದು ಎಲ್ಲಿ ಹುಟ್ಟುತ್ತೆ, ಎಲ್ಲಿ ಕೂರುತ್ತೆ, ಯಾವಾಗ ತಿರುಗಿಬೀಳುತ್ತೆ ಅಂತ ಗೊತ್ತಿದ್ರೆ ಸಂಜೆ ಅದೇ ಕಾರಲ್ಲಿ ಮನೆಗೆ ಬರಬಹುದು.

[ದೃಶ್ಯ: ನಸುಕು. ಹೊಸೂರು ದಾಟಿದ ಹೆದ್ದಾರಿ, ಗಾಜಿನಾಚೆ ಕೃಷ್ಣಗಿರಿ ಬೆಟ್ಟಗಳು]

ನಮಸ್ಕಾರ. ಬೆಂಗಳೂರಿನವರಿಗೆ ಹತ್ತಿರದ ದೊಡ್ಡ ಟ್ರ್ಯಾಕ್ ಇರೋದು ತಮಿಳುನಾಡಲ್ಲಿ. ಚೆನ್ನೈ ಹೆದ್ದಾರಿ ಹಿಡಿದು, ವೆಲ್ಲೂರು ದಾಟಿ ಸುಮಾರು ಮುನ್ನೂರು ಕಿಲೋಮೀಟರ್ ಹೋದ್ರೆ, ಶ್ರೀಪೆರಂಬದೂರಿನ ಪಕ್ಕ ಇರುಂಗಾಟ್ಟುಕೋಟೈ ಸಿಗುತ್ತೆ. ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಎಂಎಂಆರ್‌ಟಿ, ಅಂದ್ರೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್. 3.7 ಕಿಲೋಮೀಟರ್, 12 ತಿರುವು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ಮುಂಚೆ ಶೋಲಾವರಂನ ಹಳೇ ವಿಮಾನಪಟ್ಟಿ ಮೇಲೆ ರೇಸ್ ನಡೆಸ್ತಿದ್ರು. 1990ರಲ್ಲಿ ಈ ಟ್ರ್ಯಾಕ್ ಶುರುವಾಯ್ತು. ಕೊಯಮತ್ತೂರು ಹತ್ತಿರ ಕರಿ ಸ್ಪೀಡ್‌ವೇ ಇದೆ, 2.1 ಕಿಲೋಮೀಟರ್, ಚಿಕ್ಕದು, ಕಲಿಯೋಕೆ ಒಳ್ಳೇದು. ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್ ಫಾರ್ಮುಲಾ ಒನ್ ನಡೆದ ಜಾಗ, ಅಲ್ಲಿ ಒಂದು ಸ್ಟ್ರೇಟ್, ಅಂದ್ರೆ ನೇರ ದಾರಿಯೇ, ಒಂದು ಕಿಲೋಮೀಟರಿಗಿಂತ ಉದ್ದ. ನಮ್ಮೂರಿಂದ ಅಷ್ಟು ದೂರ ಕಾರು ಸಾಗಿಸೋದು ಇನ್ನೊಂದು ದಿನದ ಮಾತು.

ಉದಾಹರಣೆಗೆ ಒಂದು ಕಾರು ಇಟ್ಕೊಳ್ಳೋಣ. ಬಿಎಂಡಬ್ಲ್ಯು ಎಂ2. ಈಗಿನ ಮಾಡೆಲ್ 2023ರಲ್ಲಿ ಭಾರತಕ್ಕೆ ಬಂತು. ಮೂರು ಲೀಟರಿನ ಆರು ಸಿಲಿಂಡರ್ ಇಂಜಿನ್, ಎರಡು ಟರ್ಬೊ, ಹಿಂದಿನ ಚಕ್ರಕ್ಕೆ ಶಕ್ತಿ, ಆರು ಗೇರಿನ ಮ್ಯಾನುಯಲ್ ಕೂಡ ಸಿಗುತ್ತೆ. ಶೋರೂಮಿಂದ ಆಚೆ ಬಂದ ಮಾರನೇ ದಿನವೇ ಟ್ರ್ಯಾಕಿಗೆ ಹೋಗಬೇಕು ಅನ್ನಿಸೋದು ಸಹಜ, ನನಗೂ ಅನ್ನಿಸುತ್ತೆ. ಆದ್ರೆ ಬೇಡ.

ಬಿಎಂಡಬ್ಲ್ಯುನ ಎಂ ಕಾರುಗಳ ಜೊತೆ ಬರೋ ಕೈಪಿಡಿ ತೆಗೆದು ನೋಡಿ. ಮೊದಲ 2,000 ಕಿಲೋಮೀಟರ್ ತನಕ 5,500 ಆರ್‌ಪಿಎಂ ದಾಟಿಸಬೇಡಿ, 170ರ ಮೇಲೆ ಓಡಿಸಬೇಡಿ ಅಂತಿರುತ್ತೆ. ಹೊಸ ಕಾರನ್ನ ಹೀಗೆ ಹದವಾಗಿ ಓಡಿಸಿ ಪಳಗಿಸೋದೇ ರನ್ನಿಂಗ್-ಇನ್. 2,000ಕ್ಕೆ ಒಂದು ರನ್ನಿಂಗ್-ಇನ್ ಸರ್ವಿಸ್. ಅಲ್ಲಿ ಇಂಜಿನ್ ಆಯಿಲ್ ಜೊತೆ ಡಿಫರೆನ್ಷಿಯಲ್ (ಎರಡು ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಗೇರ್‌ಗಳು) ಆಯಿಲ್ ಕೂಡ ಬದಲಾಯಿಸ್ತಾರೆ. ಯಾಕೆ ಅಂದ್ರೆ ಹೊಸ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಇನ್ನೂ ಒಗ್ಗಿರಲ್ಲ. ಡಿಫರೆನ್ಷಿಯಲ್ ಒಳಗಿನ ಹಲ್ಲುಗಳು ಒಂದನ್ನೊಂದು ತೀಡಿ ನುಣುಪಾಗೋ ಹೊತ್ತಲ್ಲಿ ಲೋಹದ ಪುಡಿ ಉದುರಿ ಆಯಿಲ್ ಸೇರುತ್ತೆ. ಹೊಸ ಚಪ್ಪಲಿ ಹಾಕ್ಕೊಂಡು ಬೆಟ್ಟ ಹತ್ತಿದ್ರೆ ಕಾಲು ಕಚ್ಚುತ್ತಲ್ಲ, ಹಾಗೆ. ಡಿಸ್ಕನ್ನ ಒತ್ತಿ ಹಿಡಿಯೋ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಕೂರೋಕೂ ಸುಮಾರು 500 ಕಿಲೋಮೀಟರ್ ಬೇಕು. ಹೊಸ ಟೈರಿನ ಮೇಲ್ಮೈ ಜಾರುತ್ತೆ, ಅದೂ ಸವೆದು ಹೋಗಬೇಕು.

ಬೆಂಗಳೂರಿಂದ ಟ್ರ್ಯಾಕಿಗೆ ಹೋಗಿ ಬಂದ್ರೆ ಆರುನೂರು ಕಿಲೋಮೀಟರ್. ಸುಮ್ನೆ ಒಂದು ಸಲ ಹೋಗಿ ಗ್ಯಾಲರಿಲಿ ಕೂತು ಬೇರೆಯವರು ಓಡಿಸೋದು ನೋಡ್ಕೊಂಡು ಬನ್ನಿ. ರನ್ನಿಂಗ್-ಇನ್ ಕಿಲೋಮೀಟರೂ ಸೇರುತ್ತೆ, ಯಾರು ಎಲ್ಲಿ ಬ್ರೇಕ್ ಹಿಡೀತಾರೆ ಅಂತ ಕಣ್ಣಿಗೂ ಗೊತ್ತಾಗುತ್ತೆ.

[ದೃಶ್ಯ: ಎರಡು ಗಾಜಿನ ಬಾಟಲಿ. ಒಂದರಲ್ಲಿ ಜೇನಿನ ಬಣ್ಣದ ತಿಳಿ ದ್ರವ, ಇನ್ನೊಂದರಲ್ಲಿ ಕಪ್ಪು ಕಾಫಿಯಂಥದ್ದು]

ಇದು ನನಗೆ ತುಂಬಾ ಮುಖ್ಯವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಎಡಗಡೆ ಹೊಸ ಬ್ರೇಕ್ ಆಯಿಲ್. ಬಲಗಡೆದು ಎರಡು ವರ್ಷಕ್ಕೂ ಮೇಲೆ ಕಾರಲ್ಲಿದ್ದದ್ದು. ಆಯಿಲ್ ಅಂತ ಬಾಯಿ ಮಾತಿಗೆ ಅಂತೀವಿ, ನಿಜಕ್ಕೂ ಇದು ಎಣ್ಣೆ ಅಲ್ಲ. ಎಣ್ಣೆ ನೀರನ್ನ ದೂರ ಇಡುತ್ತೆ, ಇದು ಹತ್ತಿರ ಕರೆಯುತ್ತೆ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಡಬ್ಬಿ ಹೇಗೆ ಒದ್ದೆ ಆಗುತ್ತೋ, ಹಾಗೇ ಇದು ಗಾಳಿಯಲ್ಲಿರೋ ತೇವ ಹೀರ್ಕೊಳ್ತಾ ಹೋಗುತ್ತೆ. ಡಾಟ್ 4 ದರ್ಜೆಯದ್ದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದ್ರೆ ಆ ಮಿತಿ 155ಕ್ಕೆ ಇಳಿಯುತ್ತೆ. ಪೂರ್ತಿ ಎಪ್ಪತ್ತೈದು ಡಿಗ್ರಿ ಕಮ್ಮಿ!

ಊರಲ್ಲಿ ಓಡಿಸುವಾಗ ಆ ವ್ಯತ್ಯಾಸ ನಿಮಗೆ ಗೊತ್ತೇ ಆಗಲ್ಲ. ಟ್ರ್ಯಾಕಲ್ಲಿ ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿಂದ ಅದನ್ನ ಒತ್ತೋ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಇಳಿಯುತ್ತೆ. ಆಯಿಲ್ ಕುದ್ರೆ ಒಳಗೆ ಗುಳ್ಳೆ. ದ್ರವವನ್ನ ಅದುಮೋಕಾಗಲ್ಲ, ಅದಕ್ಕೇ ಪೆಡಲ್ ಗಟ್ಟಿ ಇರುತ್ತೆ. ಗುಳ್ಳೆಯನ್ನ ಅದುಮಬಹುದು. ನೀವು ತುಳಿದ ಬಲವೆಲ್ಲಾ ಗುಳ್ಳೆ ಒತ್ತೋದ್ರಲ್ಲೇ ಮುಗಿದು ಹೋಗುತ್ತೆ.

ನನಗೆ ಇದು ಕಾಲಿಂದ ಗೊತ್ತು. ಕೆಲವು ವರ್ಷದ ಹಿಂದೆ, ನನ್ನ ಹಳೇ ಕಾರಲ್ಲಿ. ನಾಲ್ಕನೇ ಸುತ್ತು. ಮೂರು ಸುತ್ತು ತುಳಿದ ಜಾಗದಲ್ಲೇ ಬ್ರೇಕ್ ತುಳಿದೆ. ಹತ್ತಿ ತಲೆದಿಂಬಿನ ಮೇಲೆ ಕಾಲಿಟ್ಟ ಹಾಗೆ ಪೆಡಲ್ ಮೆತ್ತಗೆ ಅರ್ಧ ಇಳೀತು. ಕಾರು ನಿಧಾನ ಆಗಲಿಲ್ಲ. ಕಾಲೆತ್ತಿ ಮತ್ತೆ ತುಳಿದೆ, ಮತ್ತೆ ತುಳಿದೆ, ಮೂರನೇ ಸಲಕ್ಕೆ ಸ್ವಲ್ಪ ಹಿಡೀತು. ಅಷ್ಟರಲ್ಲಿ ತಿರುವು ದಾಟಿ ಹುಲ್ಲಿನ ಮೇಲೆ ಹೋಗಿದ್ದೆ. ಕಾರು ಕೆಂಪು ಧೂಳಲ್ಲಿ ನಿಂತಾಗ ಕೈ ಸ್ಟೀರಿಂಗ್ ಬಿಡೋಕೆ ಒಪ್ಪಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಅಲ್ಲಿ ಗೋಡೆ ಇರಲಿಲ್ಲ. ಈ ಬಲಗಡೆ ಬಾಟಲಿಲಿ ಇರೋದು ಆವತ್ತು ಆ ಕಾರಿಂದ ತೆಗೆದದ್ದು. ಬದಲಾಯಿಸೋ ಸಮಯ ಮೀರಿದೆ ಅಂತ ಗೊತ್ತಿತ್ತು, ಬಂದ ಮೇಲೆ ನೋಡೋಣ ಅಂದ್ಕೊಂಡು ಹೋಗಿದ್ದೆ.

ನಿಮ್ಮ ಕಾರು ಹೊಸದೇ ಇರಬಹುದು. ಆದ್ರೂ ತಯಾರಾಗಿ, ಹಡಗಲ್ಲಿ ಬಂದು, ಯಾರ್ಡಲ್ಲಿ ನಿಂತು ನಿಮ್ಮ ಕೈಗೆ ಸಿಗೋದ್ರೊಳಗೆ ತಿಂಗಳುಗಳು ಕಳೆದಿರುತ್ತೆ. ಟ್ರ್ಯಾಕಿಗೆ ಮುಂಚೆ ಹೊಸ ಬ್ರೇಕ್ ಆಯಿಲ್ ಹಾಕಿಸಿ. 300 ಡಿಗ್ರಿ ದಾಟಿ ಕುದಿಯೋ ರೇಸಿಂಗ್ ಫ್ಲೂಯಿಡ್‌ಗಳೂ ಸಿಗುತ್ತೆ, ಅವನ್ನ ಇನ್ನೂ ಬೇಗ ಬದಲಾಯಿಸಬೇಕಾಗುತ್ತೆ. ಒಂದು ಎಚ್ಚರಿಕೆ: ಡಾಟ್ 5 ಅಂತ ಬರೆದಿರೋದು ಸಿಲಿಕೋನ್, 5.1 ಬೇರೆ. ಸಂಖ್ಯೆ ದೊಡ್ಡದಿದೆ ಅಂತ ಡಾಟ್ 5 ಸುರೀಬೇಡಿ.

[ದೃಶ್ಯ: ಪ್ಯಾಡಾಕ್, ಟ್ರ್ಯಾಕ್ ಪಕ್ಕ ಕಾರು ಸಿದ್ಧ ಮಾಡೋ ಜಾಗ. ಟೈರಿಗೆ ಗೇಜ್ ಹಿಡಿದಿರುವ ಕೈ]

ಎರಡನೇ ಬಿಸಿ ಟೈರಿಂದು. ಬೆಳಿಗ್ಗೆ 32 ಪಿಎಸ್‌ಐ ಗಾಳಿ ಹೊಡೆಸಿ ಇಳಿದ್ರಿ ಅನ್ನಿ. ಒಳಗಿನ ಗಾಳಿ 30 ಡಿಗ್ರಿಯಿಂದ 80ಕ್ಕೆ ಏರಿದ್ರೆ ಅದೇ ಗೇಜ್ 39, 40 ತೋರಿಸುತ್ತೆ. ಟೈರ್ ಉಬ್ಬಿ ನಡುಭಾಗದ ಮೇಲೇ ಹೆಚ್ಚು ಭಾರ ಬೀಳುತ್ತೆ, ಹಿಡಿತ ಕಮ್ಮಿಯಾಗುತ್ತೆ. ಹಾಗಾಗಿ ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸೋ ಜಾಗಕ್ಕೆ, ಅಂದ್ರೆ ಪಿಟ್‌ಗೆ, ಬಂದ ತಕ್ಷಣ, ಬಿಸಿ ಇರುವಾಗಲೇ ನಾಲ್ಕೂ ಅಳೆದು ಹೆಚ್ಚಿನ ಗಾಳಿ ಬಿಡಿ. ಅಂಕಿಗಳನ್ನ ಒಂದು ಚೀಟಿಲಿ ಬರೀತಾ ಹೋಗಿ. ಸಂಜೆ ವಾಪಸ್ ಹೊರಡೋ ಮುಂಚೆ ಟೈರ್ ತಣ್ಣಗಾದ ಮೇಲೆ ಮತ್ತೆ ಗಾಳಿ ತುಂಬಿಸಬೇಕು. ಇದನ್ನ ಮರೆತು ಹೆದ್ದಾರಿ ಹತ್ತೋರನ್ನ ನೋಡಿದೀನಿ, ಕಮ್ಮಿ ಗಾಳಿಲಿ ನೂರರ ಮೇಲೆ ಓಡಿಸೋದು ಟ್ರ್ಯಾಕಿಗಿಂತ ಅಪಾಯ.

ಇಂಜಿನ್ ಆಯಿಲ್ ಮಟ್ಟ ನೋಡ್ಕೊಳ್ಳಿ. ಎಂ2ನಲ್ಲಿ ಆಯಿಲ್ ಅಳೆಯೋ ಕಡ್ಡಿ (ಡಿಪ್‌ಸ್ಟಿಕ್) ಇಲ್ಲ, ಇಂಜಿನ್ ಬಿಸಿಯಾದ ಮೇಲೆ ಸ್ಕ್ರೀನ್ ಮೇಲೆ ಅಳತೆ ಬರುತ್ತೆ. ವೀಲ್ ಬೋಲ್ಟ್‌ಗಳನ್ನ ಬಿಗಿತ ಅಳೆಯೋ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ. ಕಾರು ಪೂರ್ತಿ ಖಾಲಿ ಮಾಡಿ: ಡ್ರೈವರ್ ಕಾಲಡಿ ಮ್ಯಾಟ್, ಫೋನ್, ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಗಣೇಶ ಕೂಡ. ಒಂದು ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರಿದ್ರೆ ಬೇರೆ ಯಾವ ತಯಾರಿಯೂ ಕಾಯಲ್ಲ.

ಹೆಲ್ಮೆಟ್ ಹಾಕ್ಕೊಂಡೇ ಸೀಟ್ ಸರಿ ಮಾಡಿ. ಅದರ ಎತ್ತರಕ್ಕೆ ತಲೆ ಚಾವಣಿಗೆ ತಾಗುತ್ತೆ, ಸೀಟ್ ಇಳಿಸಬೇಕಾಗುತ್ತೆ. ಬೆನ್ನು ಪೂರ್ತಿ ಒರಗಿರುವಾಗ ಕೈ ಚಾಚಿದ್ರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಸಿಗಬೇಕು. ಬಟ್ಟೆ ತುಂಬುತೋಳಿನ ಕಾಟನ್ ಇರಲಿ, ನೈಲಾನ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತೆ.

ಇನ್ಶೂರೆನ್ಸ್ ವಿಷಯ. ನಿಮ್ಮ ಪಾಲಿಸಿ ತೆಗೆದು "ಬಳಕೆಯ ಮಿತಿ" ಅನ್ನೋ ಭಾಗ ಓದಿ. ಸಂಘಟಿತ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಇವಕ್ಕೆಲ್ಲಾ ನಮ್ಮ ದೇಶದ ಸಾಮಾನ್ಯ ಮೋಟಾರ್ ಪಾಲಿಸಿ ಅನ್ವಯಿಸಲ್ಲ. ಅಂದ್ರೆ ಗೋಡೆಗೆ ತಾಗಿದ್ರೆ ಖರ್ಚು ನಿಮ್ಮ ಜೇಬಿಂದಲೇ ಅಂದ್ಕೊಂಡೇ ಹೋಗಿ. ಇದನ್ನ ಕೇಳಿ ಕೆಲವರು "ಹಂಗಾದ್ರೆ ಏರ್‌ಪೋರ್ಟ್ ರಸ್ತೇಲಿ ಬೆಳಗಿನ ಜಾವ ಓಡಿಸ್ತೀನಿ" ಅಂತಾರೆ. ದಯವಿಟ್ಟು ಬೇಡ. ಅಲ್ಲಿ ಹಾಲಿನ ಗಾಡಿ ಬರುತ್ತೆ, ನಾಯಿ ಬರುತ್ತೆ, ಶಿಫ್ಟ್ ಮುಗಿಸಿ ಬೈಕಲ್ಲಿ ಮನೆಗೆ ಹೋಗೋರು ಬರ್ತಾರೆ. ಟ್ರ್ಯಾಕಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ, ಬಾವುಟ ಹಿಡಿದ ಮಾರ್ಷಲ್ ಇರ್ತಾರೆ, ಆಂಬುಲೆನ್ಸ್ ನಿಂತಿರುತ್ತೆ.

[ದೃಶ್ಯ: ಕಾರಿನೊಳಗಿಂದ, ಪಿಟ್‌ನಿಂದ ಟ್ರ್ಯಾಕಿಗೆ]

ಮೊದಲ ಸೆಷನ್ ನಿಮಗೆ, ಕಾರಿಗಲ್ಲ. ಆರಾಮಾಗಿ ಓಡಿಸಿ. ಹಳದಿ ಬಾವುಟ ಕಂಡ್ರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ನೀಲಿ ಅಂದ್ರೆ ಹಿಂದೆ ವೇಗದ ಕಾರಿದೆ, ದಾರಿ ಬಿಡಿ. ಕೆಂಪು ಅಂದ್ರೆ ಸೆಷನ್ ನಿಂತಿದೆ, ನಿಧಾನಕ್ಕೆ ಪಿಟ್‌ಗೆ ಬನ್ನಿ. ಎಂ2ನಲ್ಲಿ ಚಕ್ರ ಜಾರದ ಹಾಗೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್‌ಗೆ ಹತ್ತು ಹಂತ ಇದೆ, ಮೊದಲ ದಿನ ಅದರ ತಂಟೆಗೆ ಹೋಗಬೇಡಿ, ಎಲ್ಲಾ ಆನ್ ಇರಲಿ.

ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ. ಬ್ರೇಕಿಗೆ ಪೂರ್ತಿ ಖರ್ಚು ಮಾಡಿದ್ರೆ ತಿರುಗೋಕೆ ಉಳಿಯಲ್ಲ. ಅದಕ್ಕೆ ಸ್ಟೀರಿಂಗ್ ನೇರ ಇರುವಾಗ ಬ್ರೇಕ್ ಕೆಲಸ ಹೆಚ್ಚು ಪಾಲು ಮುಗಿಸಿ, ಆಮೇಲೆ ತಿರುಗಿಸಿ, ಸ್ಟೀರಿಂಗ್ ಬಿಚ್ಚಿಕೊಳ್ತಾ ಹೋದ ಹಾಗೆ ಆಕ್ಸಿಲರೇಟರ್ ಕೊಡಿ. ಕಣ್ಣು ಬಾನೆಟ್ ಮುಂದೆ ಅಲ್ಲ, ನೀವು ಹೋಗಿ ಸೇರಬೇಕಾದ ಜಾಗದಲ್ಲಿರಲಿ.

ಐದಾರು ಜೋರು ಸುತ್ತು ಆದ್ಮೇಲೆ ಒಂದು ಸುತ್ತು ಬ್ರೇಕನ್ನ ಆದಷ್ಟೂ ಮುಟ್ಟದೆ ನಿಧಾನಕ್ಕೆ ಬನ್ನಿ, ಡಿಸ್ಕಿಗೆ ಗಾಳಿ ಆಡಲಿ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಬಿಸಿ ಪ್ಯಾಡ್ ಡಿಸ್ಕ್‌ಗೆ ಒತ್ತಿಕೊಂಡು ಕೂರುತ್ತೆ. ಗೇರಲ್ಲಿ ಬಿಟ್ಟು, ಲಾರಿಯವರು ಕಲ್ಲಿಡೋ ಹಾಗೆ ಚಕ್ರದಡಿ ಒಂದು ಮರದ ತುಂಡು ಇಡಿ.

[ದೃಶ್ಯ: ಸಂಜೆ. ಚಕ್ರದ ಕಡ್ಡಿಗಳ ನಡುವೆ ಟಾರ್ಚ್ ಬೆಳಕು]

ಹೊರಡೋ ಮುಂಚೆ ಟಾರ್ಚ್ ಹಿಡಿದು ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಡಿಸ್ಕ್ ಮೇಲೆ ಬಿರುಕಿದೆಯಾ, ಟೈರಿನ ಅಂಚು ಕಿತ್ತಿದೆಯಾ ನೋಡಿ. ತಣ್ಣಗಾದ ಪೆಡಲ್ ಒಮ್ಮೆ ತುಳಿದು ನೋಡಿ. ಬೆಳಿಗ್ಗೆಯಷ್ಟೇ ಎತ್ತರದಲ್ಲಿ, ಅಷ್ಟೇ ಗಟ್ಟಿಯಾಗಿ ನಿಲ್ಲಬೇಕು. ಸ್ವಲ್ಪ ಮೆತ್ತಗನ್ನಿಸಿದ್ರೂ ಅಲ್ಲೇ ಬ್ಲೀಡ್ ಮಾಡಿಸಿ, ಅಂದ್ರೆ ಬ್ರೇಕ್ ಆಯಿಲಿನ ಗುಳ್ಳೆ ತೆಗೆಸಿ, ಇಲ್ಲದಿದ್ರೆ ಕಾರು ಹೊತ್ತೊಯ್ಯೋ ಫ್ಲ್ಯಾಟ್‌ಬೆಡ್ ಲಾರಿ ಕರೆಸಿ. ಕತ್ತಲಲ್ಲಿ, ಲಾರಿಗಳ ನಡುವೆ, ಮುನ್ನೂರು ಕಿಲೋಮೀಟರ್ ಇದೆ.