ಎ-ರಾಡ್ ಜಾಗ ಬದಲಾಯಿಸಿದ ಮೊಣಕಾಲು

ನಮಸ್ಕಾರ! ನಿಮ್ಮಲ್ಲೊಬ್ಬರು ಕೇಳಿದ್ದರು: ಬೇಸ್‌ಬಾಲ್‌ನಲ್ಲಿ ಒಂದು ಜಾಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಫೀಲ್ಡಿಂಗ್ ಮಾಡುವವನನ್ನು ಅಷ್ಟು ದುಡ್ಡು ಸುರಿದು ತಂದು, ಬೇರೆ ಜಾಗದಲ್ಲಿ ಯಾಕೆ ನಿಲ್ಲಿಸುತ್ತಾರೆ?

ಉತ್ತರ ಒಂದು ಮೊಣಕಾಲಿನಲ್ಲಿದೆ.

(ಸ್ಕ್ರೀನ್ ಮೇಲೆ: ಬೇಸ್‌ಬಾಲ್ ಮೈದಾನದ ಚಿತ್ರ)

ಬೇಗ ಬೇಗ ಹೇಳಿಬಿಡುತ್ತೇನೆ. ಟ್ರೇಡ್ ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲು. ಶಾರ್ಟ್‌ಸ್ಟಾಪ್ ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು. ಕೈತುಂಬಾ ಕೆಲಸ. ಅಷ್ಟು ಸಾಕು.

2003ರಲ್ಲಿ ಟೆಕ್ಸಾಸ್ ರೇಂಜರ್ಸ್‌ನ ಶಾರ್ಟ್‌ಸ್ಟಾಪ್ ಅಲೆಕ್ಸ್ ರಾಡ್ರಿಗಸ್, ಅಂದರೆ ಎ-ರಾಡ್. 10 ವರ್ಷಕ್ಕೆ 25.2 ಕೋಟಿ ಡಾಲರ್ ಒಪ್ಪಂದ. ಆ ವರ್ಷ ಅಮೆರಿಕನ್ ಲೀಗ್‌ನ ಎಂವಿಪಿ, ಅಂದರೆ ಅತಿ ಮೌಲ್ಯದ ಆಟಗಾರ, ಅವನೇ. ಒಳ್ಳೆಯ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯೂ ಶಾರ್ಟ್‌ಸ್ಟಾಪ್ ಜಾಗಕ್ಕೆ ಅವನಿಗೇ. ತಂಡ ಮಾತ್ರ ತನ್ನ ಡಿವಿಷನ್‌ನಲ್ಲಿ ಕೊನೇ ಸ್ಥಾನ! ಸರಿ, ಟ್ರೇಡ್ ಗಾಳಿಸುದ್ದಿ ಶುರು. ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ಗೆ ಹೋಗುವುದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಸಂಬಳ ಕಡಿಮೆ ಮಾಡಿಕೊಳ್ಳಲು ಅವನು ರೆಡಿ, ಆಟಗಾರರ ಯೂನಿಯನ್ ಒಪ್ಪಲಿಲ್ಲ. ಮಾತುಕತೆ ಮುರಿದುಬಿತ್ತು.

ಈಗ ನನ್ನ ಇಷ್ಟದ ಭಾಗ. ಆರನ್ ಬೂನ್, ನ್ಯೂಯಾರ್ಕ್ ಯಾಂಕೀಸ್‌ನ ಥರ್ಡ್ ಬೇಸ್‌ಮನ್. ಆ ಅಕ್ಟೋಬರ್‌ನಲ್ಲಿ ಬಾಸ್ಟನ್ ಎದುರು ಲೀಗ್ ಫೈನಲ್ ಸರಣಿಯ ಏಳನೇ ಪಂದ್ಯ, 11ನೇ ಇನಿಂಗ್ಸ್, ಒಂದೇ ಹೊಡೆತಕ್ಕೆ ಹೋಮ್ ರನ್, ನಮ್ಮ ಸಿಕ್ಸರ್ ಥರ. ಯಾಂಕೀಸ್ ವರ್ಲ್ಡ್ ಸೀರೀಸ್‌ಗೆ, ಅಂದರೆ ಕೊನೆಯ ಫೈನಲ್‌ಗೆ! ಊರಿಗೇ ಹೀರೋ. ಮೂರು ತಿಂಗಳು ಕಳೆದಿಲ್ಲ, ಜನವರಿಯಲ್ಲಿ ಸುಮ್ನೆ ಬ್ಯಾಸ್ಕೆಟ್‌ಬಾಲ್ ಆಡಲು ಹೋಗಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಒಪ್ಪಂದದ ಪ್ರಕಾರ ಬ್ಯಾಸ್ಕೆಟ್‌ಬಾಲ್ ಆಡುವ ಹಾಗೇ ಇರಲಿಲ್ಲ. ನಾನಾಗಿದ್ದರೆ "ಬಚ್ಚಲಲ್ಲಿ ಜಾರಿದೆ" ಅಂತಿದ್ದೆ. ಅವನು ನಿಜ ಹೇಳಿದ. ಕೆಲಸ ಹೋಯಿತು.

ಥರ್ಡ್ ಬೇಸ್ ಖಾಲಿ. ಶಾರ್ಟ್‌ಸ್ಟಾಪ್ ಖಾಲಿ ಇಲ್ಲ, ಅಲ್ಲಿ ಕ್ಯಾಪ್ಟನ್ ಡೆರೆಕ್ ಜೀಟರ್. 2004ರ ಫೆಬ್ರವರಿಯಲ್ಲಿ ಯಾಂಕೀಸ್‌ನ ಸೆಕೆಂಡ್ ಬೇಸ್‌ಮನ್ ಅಲ್ಫಾನ್ಸೊ ಸೊರಿಯಾನೊ ಟೆಕ್ಸಾಸ್‌ಗೆ, ಎ-ರಾಡ್ ನ್ಯೂಯಾರ್ಕ್‌ಗೆ. ಶಾರ್ಟ್‌ಸ್ಟಾಪ್ ಜಾಗ ಬಿಟ್ಟು ಥರ್ಡ್ ಬೇಸ್‌ಗೆ ಸರಿದವನು ಎ-ರಾಡ್.

(ಸ್ಕ್ರೀನ್ ಮೇಲೆ: ಥರ್ಡ್ ಬೇಸ್ ಕಡೆ ಬಾಣ)

ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಏನು ಮಹಾ ಅನ್ನಬೇಡಿ. ಕವರ್‌ನಲ್ಲಿ ನಿಲ್ಲುವವನನ್ನು ಸಿಲ್ಲಿ ಪಾಯಿಂಟ್‌ಗೆ ಕಳಿಸಿದ ಹಾಗೆ. ಶಾರ್ಟ್‌ಸ್ಟಾಪ್‌ಗೆ ಓಡಿ ಚೆಂಡಿಗೆ ಅಡ್ಡ ಹೋಗುವಷ್ಟು ಸಮಯವಾದರೂ ಸಿಗುತ್ತದೆ. ಥರ್ಡ್ ಬೇಸ್ ಬ್ಯಾಟರ್‌ನಿಂದ ಬರೀ 27 ಮೀಟರ್. ಎಡಕ್ಕೋ ಬಲಕ್ಕೋ ಅಂತ ಯೋಚಿಸುವಷ್ಟರಲ್ಲಿ ಚೆಂಡು ಎದೆಗೆ ಬಂದಿರುತ್ತದೆ. ಅದಕ್ಕೇ ಹಾಟ್ ಕಾರ್ನರ್ ಅಂತಾರೆ. ಹಿಡಿದ ಮೇಲೆ ಮೈದಾನದ ಆಚೆ ಬದಿಯ ಫಸ್ಟ್ ಬೇಸ್‌ಗೆ ಎಸೆಯಬೇಕು, ಸುಮಾರು 39 ಮೀಟರ್. ಓಡುವವನು ಕಾಯುತ್ತಾ ನಿಂತಿರುವುದಿಲ್ಲ.

ನನ್ನ ಲೆಕ್ಕದಲ್ಲಿ ಎ-ರಾಡ್ ಜೀಟರ್‌ಗಿಂತ ಒಳ್ಳೆಯ ಶಾರ್ಟ್‌ಸ್ಟಾಪ್. ಬೈಯುವವರು ಬೈಯಿರಿ. ಎ-ರಾಡ್ ಸರಿದ ವರ್ಷವೇ ಜೀಟರ್‌ಗೆ ಮೊದಲ ಗೋಲ್ಡ್ ಗ್ಲವ್, ಒಟ್ಟು ಐದು ಬಂತು! ಎ-ರಾಡ್‌ಗೆ ಥರ್ಡ್ ಬೇಸ್‌ನಲ್ಲಿ ಒಂದೂ ಇಲ್ಲ. ಆದರೆ ಫೀಲ್ಡಿಂಗ್ ಎಲ್ಲಿ ಮಾಡಿದರೂ ಬ್ಯಾಟ್ ಬ್ಯಾಟೇ, 2005 ಮತ್ತು 2007ರಲ್ಲಿ ಮತ್ತೆ ಎಂವಿಪಿ.

ಟೈಮ್ ಆಗ್ತಿದೆ, ಉಳಿದದ್ದು ಒಂದೇ ಉಸಿರಲ್ಲಿ. ಎ-ರಾಡ್ ಸಿಗದ ಬಾಸ್ಟನ್ 2004ರಲ್ಲಿ ಲೀಗ್ ಫೈನಲ್ ಸರಣಿಯಲ್ಲಿ ಯಾಂಕೀಸ್ ಎದುರು 0-3 ಹಿಂದಿದ್ದು ಗೆದ್ದು, 86 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಹೊತ್ತೊಯ್ದಿತು. ಸೆಕೆಂಡ್ ಬೇಸ್ ಬಿಡಲ್ಲ ಅಂತ ಹಟ ಹಿಡಿದಿದ್ದ ಸೊರಿಯಾನೊ 2006ರಲ್ಲಿ ವಾಷಿಂಗ್ಟನ್‌ಗಾಗಿ ಔಟ್‌ಫೀಲ್ಡ್‌ಗೆ, ಅಂದರೆ ಬೇಸ್‌ಗಳ ಆಚೆ ದೂರದ ಮೈದಾನಕ್ಕೆ, ಹೋಗಿ 46 ಹೋಮ್ ರನ್ ಹೊಡೆದ.

ಬೂನ್? 2018ರಿಂದ ಅದೇ ಯಾಂಕೀಸ್‌ಗೆ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆದರು. ಹುಡುಗರಿಗೆ "ಬ್ಯಾಸ್ಕೆಟ್‌ಬಾಲ್ ಆಡ್ಬೇಡ್ರಪ್ಪಾ" ಅನ್ನೋಕೆ ಇವರಿಗಿಂತ ಯೋಗ್ಯರು ಸಿಗ್ತಾರಾ?